ಬೋರ್ಡಿನಲ್ಲಿ ನಿಲ್ಲದ ನಿಯಮಿತ

ಕಂಪನಿ ಶುರುವಾದ ದಿನವೇ ಅದರ ಹೆಸರಿನ ಬಾಲ ಕಳಚಿ ಚರಂಡಿಗೆ ಬಿತ್ತು. ಪೇಂಟರ್ ಮೋದಿನ್‌ಸಾಬ್ ಬೆಳಗ್ಗೆಯಷ್ಟೇ ಕೆಂಪು ಬಣ್ಣದಲ್ಲಿ ‘ಹಾಲಮ್ಮ ಮಂಡಕ್ಕಿ ಭಟ್ಟಿ ನಿಯಮಿತ’ ಅಂತ ಚೆಂದವಾಗಿ ಬರೆದು ಹೋಗಿದ್ದರು. ನಾನು ಊಟ ಮುಗಿಸಿ ಬಂದು ನೋಡಿದರೆ ಬೋರ್ಡಿನಲ್ಲಿ ‘ಹಾಲಮ್ಮ ಮಂಡಕ್ಕಿ ಭಟ್ಟಿ’ ಮಾತ್ರ ಇದೆ. ನಿ, ಯ, ಮಿ, ತ ಹುರಿದ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡು ಕೆಳಗೆ ಬಿದ್ದಿವೆ. ‘ತ’ ಅಂತೂ ಚರಂಡಿಯಲ್ಲಿ ತೇಲುತ್ತಿದೆ. ನಾನು ಒಂದು ಕಡ್ಡಿ ಹಿಡಿದು ಅದನ್ನು ಎತ್ತುತ್ತಿರುವಾಗಲೇ ಮಂಡಕ್ಕಿ ಗಿರ್ಮಿಟ್ ಮಾರುವ ಗಾಡಿಯ ಮುರಿಗೆಪ್ಪ ಬರಬೇಕೆ? ಗಾಡಿ ನಿಲ್ಲಿಸಿ, ಬೋರ್ಡು ನೋಡಿ, ನನ್ನ ನೋಡಿ, “ಏನವ್ವ ನೀಲಗಂಗಾ, ಹೆಸರಿಟ್ಟ ದಿನಾನೇ ಸುಳ್ಳು ಹೇಳಿದ್ರಾ?” ಅಂದ.

ನಮ್ಮ ಊರಲ್ಲಿ ಬೋರ್ಡಿನ ಮೇಲೆ ನಿಜವಲ್ಲದ್ದು ನಿಲ್ಲುವುದಿಲ್ಲ. ಬಣ್ಣದಲ್ಲಿ ಬರೆಯಿರಿ, ತಗಡಿನಲ್ಲಿ ಕತ್ತರಿಸಿ ಮೊಳೆ ಹೊಡೆಯಿರಿ, ಮಾತು ಸುಳ್ಳಾದ ಹೊತ್ತಿಗೆ ಅಕ್ಷರ ಉದುರುತ್ತದೆ. ಬಸ್ ಸ್ಟ್ಯಾಂಡಿನ ಪಕ್ಕದ ಸಿಹಿ ಅಂಗಡಿಯ ‘ಶುದ್ಧ ತುಪ್ಪದ ತಿಂಡಿಗಳು’ ನನಗೆ ಬುದ್ಧಿ ಬಂದಾಗಿನಿಂದಲೂ ಬರೀ ‘ತಿಂಡಿಗಳು’ ಆಗಿಯೇ ಇದೆ, ವ್ಯಾಪಾರ ಮಾತ್ರ ಕಮ್ಮಿ ಆಗಿಲ್ಲ. ‘ಹೇಳಿದ ದಿನಕ್ಕೆ ಬ್ಲೌಸ್ ಹೊಲಿದು ಕೊಡಲಾಗುವುದು’ ಅಂತ ಬರೆಸಿದ್ದ ಟೈಲರಿನ ಬೋರ್ಡಿನಲ್ಲಿ ‘ಬ್ಲೌಸ್’ ಅಂತ ಒಂದೇ ಪದ ಉಳಿದಿದೆ, ಆದರೂ ಹೆಂಗಸರು ಅಲ್ಲಿಗೇ ಹೋಗುತ್ತಾರೆ, ಹೋಗಿ ಅಲ್ಲೇ ಜಗಳ ಆಡುತ್ತಾರೆ. ‘ಇಲ್ಲಿ ಉಚ್ಚೆ ಹೊಯ್ಯಬಾರದು’ ಅನ್ನುವುದು ಮಾತ್ರ ನಮ್ಮ ತಾತನ ಕಾಲದಿಂದ ಒಂದು ಕೊಂಬು ಕೂಡ ಅಲುಗದೆ ನಿಂತಿದೆ. ಅಪ್ಪಣೆಗೆ ನಿಜ ಏನು, ಸುಳ್ಳೇನು? ಬೆಳಗ್ಗೆ ಬೀದಿ ಗುಡಿಸುವವರು ಎಲೆಯ ಜೊತೆ ಅಕ್ಷರಗಳನ್ನೂ ಗುಡಿಸುತ್ತಾರೆ. ಅಂಗಡಿಯವರು ಬಾಗಿಲು ತೆಗೆಯುತ್ತಾ “ನಿಮ್ಮದೇನು ಬಿತ್ತು?” ಅಂತ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸರ್ಕಾರ ಅಡ್ಡ ಬರುವ ತನಕ.

ಸರ್ಕಾರವನ್ನು ಅಡ್ಡ ತಂದವಳು ನಾನೇ. ನನಗೆ ಕಂಪನಿ ಅಂದರೆ ಪ್ರಾಣ. ಬಿ.ಕಾಂ. ಓದುವಾಗ ಕಂಪನಿ ಕಾಯ್ದೆಯ ಪಾಠಕ್ಕೆ ಇಡೀ ಕ್ಲಾಸು ನಿದ್ದೆ ಮಾಡುತ್ತಿತ್ತು, ನಾನೊಬ್ಬಳು ಮುಂದಿನ ಬೆಂಚಿನಲ್ಲಿ ಕೂತು ಬಾಯಿ ತೆರೆದು ಕೇಳುತ್ತಿದ್ದೆ. ಯೋಚನೆ ಮಾಡಿ, ಇಬ್ಬರು ಸೇರಿ ಸಹಿ ಹಾಕಿದರೆ ಮೂರನೆಯವರೊಬ್ಬರು ಹುಟ್ಟುತ್ತಾರೆ! ಅವರಿಗೆ ಕೈಕಾಲಿಲ್ಲ, ಆದರೆ ಆಸ್ತಿ ಇಟ್ಟುಕೊಳ್ಳಬಹುದು, ಕೋರ್ಟಿಗೆ ಹೋಗಬಹುದು, ಏನಾದರೂ ಎಡವಟ್ಟಾದರೆ ಹೊಣೆಯನ್ನು ತಮ್ಮ ತಲೆಯ ಮೇಲೇ ಹಾಕಿಕೊಂಡು ನಮ್ಮನ್ನು ಬಚಾವು ಮಾಡಬಹುದು. ಇಷ್ಟು ಒಳ್ಳೆಯ ನೆಂಟರು ಯಾರಿಗೆ ಸಿಗುತ್ತಾರೆ? ಪರೀಕ್ಷೆ ಮುಗಿದ ವಾರವೇ ಹಾಲಮ್ಮತ್ತೆಯ ಹಿಂದೆ ಬಿದ್ದೆ.

ಹಾಲಮ್ಮತ್ತೆ ನಮ್ಮಪ್ಪನ ಅಕ್ಕ. ಅವಳ ಅತ್ತೆ ಕಟ್ಟಿಸಿದ ಮಂಡಕ್ಕಿ ಭಟ್ಟಿಯನ್ನು ಈಗ ಒಬ್ಬಳೇ ನಡೆಸುತ್ತಾಳೆ. ಕಾದ ಮರಳಿಗೆ ಅವಳು ಅಕ್ಕಿ ಸುರಿದರೆ ಅದು ಮಲ್ಲಿಗೆ ಮೊಗ್ಗಿನ ಹಾಗೆ ಅರಳುತ್ತದೆ, ಊರಿನ ಗಿರ್ಮಿಟ್ ಗಾಡಿಗಳೆಲ್ಲ ಅವಳ ಮಂಡಕ್ಕಿಯ ಮೇಲೇ ಓಡುತ್ತವೆ. ನಾನು ಅವಳಿಗೆ ಹೊಟ್ಟಿನ ರಾಶಿಯ ಪಕ್ಕ ಕೂತು ತಿಳಿಸಿ ಹೇಳಿದೆ. “ಅತ್ತೆ, ನಾಳೆ ಭಟ್ಟಿಯಿಂದ ಕಿಡಿ ಹಾರಿ ಯಾರದೋ ಮನೆ ಸುಟ್ಟು ಹೋದ್ರೆ ನಿನ್ನ ಮನೆ ಮೇಲೆ ಬರ್ತಾರೆ. ಕಂಪನಿ ಮಾಡಿದ್ರೆ ಹಂಗೆ ಬರಕ್ಕಾಗಲ್ಲ. ಕಂಪನಿ ಬೇರೆ, ನೀನು ಬೇರೆ.” ಅವಳು ಜರಡಿ ಆಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ನಾನು ಬೇರೆ ಹೆಂಗಾಗ್ತೀನೇ? ಭಟ್ಟಿ ಮುಂದೆ ಕುಂತು ಬೆವರೋದು ನಿನ್ನ ಕಂಪ್ನಿಯೇನು?” ಆದರೂ ಒಪ್ಪಿಕೊಂಡಳು. ಅರ್ಥವಾಗಿ ಅಲ್ಲ, ನನ್ನ ಬಾಯಿ ಮುಚ್ಚಿಸಲಿಕ್ಕೆ. ನಾವಿಬ್ಬರೇ ಡೈರೆಕ್ಟರುಗಳು. ಭಟ್ಟಿ, ಬಾಣಲೆ, ಜರಡಿ, ಮರಳು, ಎಲ್ಲ ಕಂಪನಿಯ ಹೆಸರಿಗೆ ಹೋಯಿತು. ಸಹಿ ಮಾಡುವಾಗ ಅತ್ತೆ, “ಕೂಸು ಕೊಟ್ಟಂಗೆ ಕೊಟ್ಟೀನಿ ನೋಡು ನೀಲಿ” ಅಂದಿದ್ದಳು.

ಆಮೇಲೆ ಶುರುವಾಯಿತು. ನೋಂದಣಿ ಕಚೇರಿಗೆ ಡೈರೆಕ್ಟರುಗಳ ಸಹಿಯ ಮಾದರಿ ಬೇಕು. ಅತ್ತೆ ಒಂದು ಸಲ ಹಾಲಮ್ಮ ಅಂತ ಹಾಕಿದರೆ ಇನ್ನೊಂದು ಸಲ ಹಾಲವ್ವ, ಅವಸರವಿದ್ದರೆ ಬರೀ ಹಾ. ಕಚೇರಿಯಿಂದ ‘ಸಹಿ ಹೊಂದುತ್ತಿಲ್ಲ’ ಅಂತ ವಾಪಸ್ ಬಂತು. ಹೊಂದಿಸಿ ಕಳಿಸಿದೆ. ‘ಬೋರ್ಡಿನ ಮುಂದೆ ನಿಂತ ಭಾವಚಿತ್ರ ಲಗತ್ತಿಸಿಲ್ಲ’ ಅಂತ ವಾಪಸ್ ಬಂತು. ಅತ್ತೆಯನ್ನು ನಿಲ್ಲಿಸಿ ಫೋಟೋ ತೆಗೆಯುವ ಹೊತ್ತಿಗೆ ‘ತ’ ಉದುರಿ ಅವಳ ತಲೆಯ ಮೇಲೆ ಕೂತಿತ್ತು. ‘ಬೋರ್ಡ್ ಮೀಟಿಂಗ್ ನಡೆಸಿದ ವಿವರ ಸಲ್ಲಿಸಿ’ ಅಂತ ಬಂತು. ಬೋರ್ಡ್ ಮೀಟಿಂಗ್ ಇದೆ ಅತ್ತೆ, ನಾಳೆ ಬೆಳಗ್ಗೆ ತಯಾರಾಗಿರು ಅಂತ ಹೇಳಿ ಹೋಗಿ ಮರುದಿನ ಬಂದರೆ, ಅವಳು ಇಳಕಲ್ ಸೀರೆ ಉಟ್ಟುಕೊಂಡು, ಬೀದಿಯಲ್ಲಿ ಬೋರ್ಡಿನ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. “ಬಾ, ಅದರ ಜೊತೆ ಅದೇನು ಮಾತಾಡ್ಬೇಕೋ ಮಾತಾಡು. ನನಗಂತೂ ಅದು ಉತ್ತರ ಕೊಡವಲ್ದು” ಅಂದಳು. ನಾನು ಎಷ್ಟು ಹೇಳಿದರೂ ಆ ಬೋರ್ಡು ಬೇರೆ ಈ ಬೋರ್ಡು ಬೇರೆ ಅನ್ನುವುದು ಅವಳ ತಲೆಗೆ ಹೋಗಲಿಲ್ಲ. ಕಡೆಗೆ ನಾನೂ ಒಂದು ಕುರ್ಚಿ ತಂದು ಅಲ್ಲೇ ಕೂತೆ. ಮೀಟಿಂಗು ಬೀದಿಯಲ್ಲೇ ನಡೆಯಿತು, ಅಧ್ಯಕ್ಷತೆ ಅತ್ತೆಯದು, ಮಧ್ಯೆ ಮಧ್ಯೆ ಹೋಗಿ ಬರುವವರಿಗೆಲ್ಲ ಮಂಡಕ್ಕಿ ಅಳೆದು ಕೊಟ್ಟಳು.

ಇವೆಲ್ಲ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದ ಪತ್ರ ಯುಗಾದಿ ಆದ ಮೇಲೆ ಬಂತು. ನೋಂದಾಯಿತ ಪೂರ್ಣ ಹೆಸರು ಬೋರ್ಡಿನ ಮೇಲೆ ಕಾಣಬೇಕು, ಅದರಲ್ಲೂ ಕೊನೆಯ ‘ನಿಯಮಿತ’ ಕಡ್ಡಾಯ, ಪರಿಶೀಲನೆಯ ದಿನ ಇಲ್ಲದಿದ್ದರೆ ಕಂಪನಿಯ ಹೆಸರನ್ನು ಹೊಡೆದುಹಾಕಿ ಅದರ ಆಸ್ತಿಗೆ ಬೀಗ ಹಾಕಲಾಗುವುದು. ಪರಿಶೀಲನೆ, ಬರುವ ಅಮಾವಾಸ್ಯೆ ಕಳೆದ ಸೋಮವಾರ. ಹೊತ್ತು ನಮೂದಿಸಿರಲಿಲ್ಲ. ನಾನು ಓದಿ ಹೇಳಿದೆ. ಅತ್ತೆ ಬೆಂಕಿಗೆ ಹೊಟ್ಟು ನೂಕುತ್ತಿದ್ದವಳು ಕೈ ಹಿಂದಕ್ಕೆ ತೆಗೆದುಕೊಂಡಳು. “ಆಸ್ತಿ ಅಂದ್ರೆ ಯಾವುದೇ?” ಅಂದಳು. “ಭಟ್ಟಿ” ಅಂದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, “ಹಂಗಾರೆ ಅದೇನು ಅಕ್ಷರ ಐತೋ ಅದನ್ನ ನಿಲ್ಲಿಸು. ನೀನೇ ತಂದಿದ್ದು, ನೀನೇ ನಿಲ್ಲಿಸು” ಅಂದಳು.

ನಿಲ್ಲಿಸಬೇಕು ಅಂದರೆ ಅದು ಯಾಕೆ ಬೀಳುತ್ತಿದೆ ಅಂತ ಗೊತ್ತಾಗಬೇಕು. ನಿಯಮಿತ ಅಂದರೆ ಮಿತಿ ಇರುವುದು, ನಮ್ಮ ಹೊಣೆಗೆ ಮಿತಿ ಇದೆ, ಕಾಯ್ದೆಯಲ್ಲೇ ಬರೆದಿದೆ, ಇದರಲ್ಲಿ ಸುಳ್ಳೆಲ್ಲಿ ಬಂತು? ಆ ವಾರ ಮೋದಿನ್‌ಸಾಬರು ಬಂದು ಬಂದು ಸುಸ್ತಾದರು. ಅವರು ‘ನಿ’ ಬರೆದು ‘ಯ’ಕ್ಕೆ ಬರುವಷ್ಟರಲ್ಲಿ ‘ನಿ’ ಅಂಚು ಎತ್ತಿಕೊಂಡು ಇಣುಕುತ್ತಿತ್ತು. “ಬೇಟಿ, ನಾನು ಮೂರು ಸಿನಿಮಾ ಟಾಕೀಸಿಗೆ ಬೋರ್ಡು ಬರ್ದೀನಿ. ‘ಭರ್ಜರಿ ಪ್ರದರ್ಶನ’ ಕೂಡ ಸಂಜೆ ಆಟದ ತನಕ ನಿಲ್ತಿತ್ತು. ನಿಂದು ಕುಂಚ ಎತ್ತೋತನಕಾನೂ ನಿಲ್ಲವಲ್ದು” ಅಂತ ಏಣಿಯ ಮೇಲಿಂದಲೇ ಕೈ ಮುಗಿದರು.

ಕಾರಣ ಸಿಕ್ಕಿದ್ದು ಬೀದಿ ಗುಡಿಸುವವರ ಬುಟ್ಟಿಯಲ್ಲಿ. ನಮ್ಮ ಅಕ್ಷರ ಹುಡುಕಿಕೊಳ್ಳಲು ಬುಟ್ಟಿಗೆ ಕೈ ಹಾಕಿದರೆ ಎರಡು ನಿಯಮಿತ ಬಂದವು! ಒಂದು ಕೆಂಪು, ನಮ್ಮದು. ಇನ್ನೊಂದು ನೀಲಿ. ನೀಲಿಯದು ಎಲ್ಲಿಯದು ಅಂತ ಹುಡುಕಿಕೊಂಡು ಹೋದರೆ ನೀರು ಸರಬರಾಜು ಕಚೇರಿ. ‘ನಿಯಮಿತ ನೀರು ಪೂರೈಕೆ’ ಅಂತ ಹೊಸದಾಗಿ ಬರೆಸಿದ್ದರಂತೆ, ಈಗ ‘ನೀರು’ ಅಂತ ಮಾತ್ರ ಇತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಾಯ್ದೆ ಬರೆದವರು ಮಿತಿ ಅಂದುಕೊಂಡು ಬರೆದಿದ್ದಾರೆ. ನಮ್ಮ ಊರಲ್ಲಿ ಯಾರನ್ನು ಕೇಳಿದರೂ ನಿಯಮಿತ ಅಂದರೆ ದಿನಾ ಹೊತ್ತಿಗೆ ಸರಿಯಾಗಿ, ತಪ್ಪದ ಹಾಗೆ. ಬೋರ್ಡು ನಮ್ಮೂರದು. ಅದು ಕಾಯ್ದೆ ಓದಿಲ್ಲ. ಹಾಲಿನ ಡೇರಿಯ ‘ನಿಯಮಿತ’ ಯಾಕೆ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತಿದೆ ಅಂತ ಆಗ ಹೊಳೆಯಿತು. ಡೇರಿ ಕೋಳಿ ಕೂಗುವ ಹೊತ್ತಿಗೆ ಬಾಗಿಲು ತೆಗೆಯುತ್ತದೆ, ಮದುವೆಯಿರಲಿ, ಸಾವಿರಲಿ.

ನಮ್ಮತ್ತೆ? ಊರಿನಲ್ಲಿ ನಿಯಮಿತ ಅನ್ನುವ ಪದಕ್ಕೆ ಯಾರಾದರೂ ಶತ್ರು ಇದ್ದರೆ ಅವಳೇ. ಮನಸ್ಸು ಬಂದಾಗ ಬೆಂಕಿ ಹಚ್ಚುತ್ತಾಳೆ. ಮೋಡ ಕವಿದರೆ ಅಕ್ಕಿ ಒಣಗಿಲ್ಲ ಅಂತ ಮಲಗುತ್ತಾಳೆ. ಬೀದಿಯಲ್ಲಿ ಯಾರದೋ ಮನೆಗೆ ಹೆಣ್ಣು ನೋಡಲು ಬಂದಿದ್ದಾರೆ ಅಂದರೆ ಭಟ್ಟಿಯನ್ನು ಹಾಗೇ ಬಿಟ್ಟು ಹೋಗಿ, ಆ ಮದುವೆ ಕುದುರಿದ ಮೇಲೇ ವಾಪಸ್ ಬರುತ್ತಾಳೆ. ನಾನು ಒಂದು ಅಲಾರಂ ತಂದು ಅವಳ ತಲೆದಿಂಬಿನ ಪಕ್ಕ ಇಟ್ಟೆ. ಅವಳು ಅದನ್ನು ಉಪ್ಪಿನ ಡಬ್ಬಿಯೊಳಗೆ ಹಾಕಿ ಮುಚ್ಚಿದಳು. “ಅಕ್ಕಿ ಹದಕ್ಕೆ ಬಂದಾಗ ಹುರೀತೀನಿ. ಗಡಿಯಾರ ಹದಕ್ಕೆ ಬಂತು ಅಂತ ಹುರಿದ್ರೆ ನಿನ್ನ ಕಂಪ್ನಿ ತಿಂತತೇನು ಕಲ್ಲಿನಂಥ ಮಂಡಕ್ಕೀನ?” ಅಂದಳು. ನಾನು ಕಾಲು ಹಿಡಿದೆ, ಅತ್ತೆ, ಸೋಮವಾರದ ತನಕ ಮಾತ್ರ ಅಂದೆ. ಪಾಪ, ಪ್ರಯತ್ನ ಮಾಡಿದಳು. ಹೇಳಿದ ಹೊತ್ತಿಗೆ ಎದ್ದು, ಹೇಳಿದ ಹೊತ್ತಿಗೆ ಬೆಂಕಿ ಹಚ್ಚಿ, ಅರ್ಧಂಬರ್ಧ ಒಣಗಿದ ಅಕ್ಕಿ ಸುರಿದಳು. ಅರಳಲೇ ಇಲ್ಲ. ಮುರಿಗೆಪ್ಪ ಚೀಲ ತುಂಬಿಸಿಕೊಂಡು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ದವಡೆ ಹಿಡಿದುಕೊಂಡ. “ಹಾಲಮ್ಮಕ್ಕ, ಇದನ್ನ ಗಿರ್ಮಿಟ್ಟಿಗೆ ಹಾಕ್ಲಾ, ಮನೆ ಮುಂದೆ ರಸ್ತೆಗೆ ಹಾಕ್ಲಾ?” ಅತ್ತೆಯ ಮುಖ ಕಪ್ಪಿಟ್ಟಿತು. ಅವತ್ತು ಉಳಿದದ್ದನ್ನೆಲ್ಲ ದನಗಳಿಗೆ ಸುರಿದು ಬಂದು ಬಾಗಿಲು ಹಾಕಿಕೊಂಡು ಮಲಗಿದಳು. ಬೆಳಗ್ಗೆ ಬರೆಸಿದ್ದ ‘ನಿ’ ಮತ್ತೆ ಬಿತ್ತು.

ನಾನು ಸೀದಾ ನೋಂದಣಿ ಕಚೇರಿಗೆ ಹೋದೆ. ಆ ಕಚೇರಿಯ ಬೋರ್ಡಿನಲ್ಲಿ ಹಿಂದೆ ಏನೇನಿತ್ತೋ ದೇವರಿಗೇ ಗೊತ್ತು, ‘ಸಾರ್ವಜನಿಕರ ಸೇವೆಗಾಗಿ’ ಅಂತ ಇತ್ತಂತೆ, ಕೆಲಸದ ವೇಳೆ ಇತ್ತಂತೆ, ಈಗ ‘ಕಚೇರಿ’ ಅಂತ ಮಾತ್ರ ಇದೆ, ಅದೂ ಗಾಳಿ ಬೀಸಿದರೆ ಅಲುಗಾಡುತ್ತದೆ. ಒಳಗೆ ಪರಿಶೀಲನಾಧಿಕಾರಿ ಉಮಾಪತಿ ಕೂತಿದ್ದರು. ತೆಳ್ಳಗೆ, ಎಣ್ಣೆ ಹಚ್ಚಿ ಬಾಚಿದ ತಲೆ, ಪ್ರತಿ ಮಾತಿಗೂ ಮೊದಲು ಕನ್ನಡಕ ಒರೆಸುವವರು. “ಸರ್, ಬೋರ್ಡು ನಿಯಮಿತ ಅನ್ನೋದನ್ನ ತಪ್ಪಾಗಿ ಅರ್ಥ ಮಾಡ್ಕೊಂಡಿದೆ” ಅಂದೆ. ಅವರು ಕನ್ನಡಕ ಒರೆಸಿದರು. “ನಿಯಮಿತ ಅಂದ್ರೆ ಸೀಮಿತ ಹೊಣೆಗಾರಿಕೆ ಅಂತ ಕಾಯ್ದೆಯಲ್ಲಿ ಸ್ಪಷ್ಟವಾಗಿದೆಯಲ್ಲ ಮೇಡಂ?” “ನನಗೆ ಗೊತ್ತು ಸರ್, ಬೋರ್ಡಿಗೆ ಗೊತ್ತಿಲ್ಲ.” “ಹಾಗಾದ್ರೆ ಬೋರ್ಡಿಗೆ ತಿಳಿಸಿ.” “ಹೆಂಗೆ ಸರ್?” “ಅದು ಕಂಪನಿಯ ಆಂತರಿಕ ವಿಷಯ.” ನನಗೆ ಅವರ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ನನ್ನ ತಲೆಯ ಮೇಲೆ ಸುರಿದುಕೊಳ್ಳಬೇಕು ಅನ್ನಿಸಿತು. ನಾನು ಎದ್ದು ಹೊರಡುವಾಗ ಅವರು ಕನಿಕರದಿಂದಲೋ ಏನೋ, “ಬೇಕಿದ್ರೆ ಲಿಮಿಟೆಡ್ ಅಂತ ಬರೆಸಬಹುದು. ನಿಯಮದಲ್ಲಿ ಎರಡೂ ಒಂದೇ. ಅದಕ್ಕೆ ಬೇರೆ ಅರ್ಜಿ ಬೇಡ” ಅಂದರು.

ನಾನು ಕುಣಿಯುತ್ತಾ ಬಂದೆ. ಮೋದಿನ್‌ಸಾಬರನ್ನು ಊಟದಿಂದ ಎಬ್ಬಿಸಿಕೊಂಡು ಬಂದು ‘ಲಿಮಿಟೆಡ್’ ಅಂತ ಬರೆಸಿದೆ. ಲಿ ನಿಂತಿತು! ಮಿ ನಿಂತಿತು! ಟೆ ನಿಂತಿತು, ಡ್ ನಿಂತಿತು, ನಾನು ಅತ್ತೆಯನ್ನು ತಬ್ಬಿಕೊಂಡು ಸುತ್ತು ಹಾಕಿದೆ, ಮೋದಿನ್‌ಸಾಬರು ಏಣಿ ಮಡಚಿದರು. ಅಷ್ಟರಲ್ಲಿ ಮುರಿಗೆಪ್ಪ ಚೀಲ ತೆರೆದು ನಿಂತ. ಅತ್ತೆ ಸೇರಿನಲ್ಲಿ ತಲೆ ಸವರಿ ಅಳೆದು ಸುರಿದಳು, ಆಮೇಲೆ ಎಂದಿನ ಹಾಗೆ ಬುಟ್ಟಿಯಿಂದ ಬಾಚಿ ಅಳತೆಯ ಮೇಲೆ ಒಂದು ಹಿಡಿ ಕೊಸರು ಹಾಕಿದಳು. ಟಪ್ ಅಂತ ಲಿ ನನ್ನ ಭುಜದ ಮೇಲೆ ಬಿತ್ತು.

ಎದುರಿನ ಖಾನಾವಳಿಯ ಬೋರ್ಡು ನೋಡಿದೆ. ‘ಲಿಮಿಟೆಡ್ ಊಟ’. ಹೊಳೆಯುತ್ತಿದೆ, ಒಂದು ಗೀರೂ ಇಲ್ಲ. ಯಾಕೆಂದರೆ ಅಲ್ಲಿ ಎರಡನೇ ಸಲ ಅನ್ನ ಕೇಳಿದರೆ ಬಡಿಸುವವನು ಗೋಡೆ ನೋಡುತ್ತಾನೆ. ಲಿಮಿಟೆಡ್ ಅಂದರೆ ನಮ್ಮೂರಲ್ಲಿ ಅಷ್ಟೇ, ಕೊಟ್ಟದ್ದು ಕೊಟ್ಟ ಹಾಗೆ, ಮೇಲೆ ಒಂದು ಅಗುಳೂ ಇಲ್ಲ. “ಅತ್ತೆ, ಸೋಮವಾರದ ತನಕ ಕೊಸರು ಹಾಕಬೇಡ. ನಿನ್ನ ದಮ್ಮಯ್ಯ” ಅಂದೆ. “ಆತು ಬಿಡು” ಅಂದಳು. ಅಕ್ಷರ ಮತ್ತೆ ಬರೆಸಿದೆ. ಮರುದಿನ ಮುರಿಗೆಪ್ಪ ಬಂದ. ಅತ್ತೆ ಅಳೆದು ಸುರಿದಳು. ಅವನು ಚೀಲದ ಬಾಯಿ ಮುಚ್ಚಲಿಲ್ಲ. ಅತ್ತೆ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನು ಚೀಲವನ್ನು ಸ್ವಲ್ಪ ಮುಂದೆ ತಂದ. ಅತ್ತೆ ಆಕಾಶ ನೋಡಿದಳು. ನಾನು ಬೋರ್ಡು ನೋಡುತ್ತಿದ್ದೇನೆ. “ಯಾಕಕ್ಕಾ, ನನ್ನ ಮ್ಯಾಲೆ ಏನಾರ ಬೇಜಾರಾ?” ಅಂದ ಮುರಿಗೆಪ್ಪ, ನಿಜವಾಗಲೂ ನೊಂದುಕೊಂಡ ದನಿಯಲ್ಲಿ. ಅಷ್ಟೇ ಸಾಕಾಯಿತು. “ಥೂ ಇದರ!” ಅಂತ ಅತ್ತೆ ಎರಡೂ ಕೈಯಲ್ಲಿ ಬಾಚಿ ಹಾಕಿದಳು. ಲಿಮಿಟೆಡ್ ಇಡಿಯಾಗಿ ಕೆಳಗೆ ಬಂತು, ಡ್ ಸಮೇತ. “ನನ್ನ ಕೈ ಕಟ್ಟಿಹಾಕಿ ಹೋಗು ಬೇಕಾದ್ರೆ” ಅಂತ ಅತ್ತೆ ನನ್ನ ಮೇಲೆ ಹಾರಿದಳು. “ಅಳತೆ ಅಂಗಡೀದು, ಕೊಸರು ಕೈದು. ನಮ್ಮತ್ತೆ ಸಾಯೋ ದಿನಾನೂ ಕೊಸರು ಹಾಕಿ ಸತ್ಲು.”

ಸೋಮವಾರ ಬಂತು. ಬೋರ್ಡಿನಲ್ಲಿ ಮೂರು ಪದ, ಪಕ್ಕದಲ್ಲಿ ಖಾಲಿ ಜಾಗ. ಬೆಳಗಿನಿಂದ ನಾನು ಬೀದಿಯ ತುದಿ ನೋಡುತ್ತಿದ್ದೆ. ಅತ್ತೆ ಆವತ್ತು ಯಾರೂ ಹೇಳದೆಯೇ ಬೇಗ ಎದ್ದು, ಭಟ್ಟಿಯ ಬಾಯಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ಬೆಂಕಿ ಹಚ್ಚಿದ್ದಳು. ಅಕ್ಕಿ ಚೆನ್ನಾಗಿ ಅರಳುತ್ತಿತ್ತು. ಮೋದಿನ್‌ಸಾಬರು ಕರೆಯದಿದ್ದರೂ ಬಣ್ಣದ ಡಬ್ಬಿ ಹಿಡಿದು ಬಂದು ಜಗಲಿಯ ಮೇಲೆ ಕೂತಿದ್ದರು. ಬಿಸಿಲೇರಿದಾಗ ಉಮಾಪತಿ ಬಂದರು. ಒಂದು ಕೈಯಲ್ಲಿ ಕಡತ, ಇನ್ನೊಂದು ಕೈಯಲ್ಲಿ ಹೊಸ ಬೀಗ, ಅದರ ಮೇಲಿನ ಪ್ಲಾಸ್ಟಿಕ್ಕು ಕೂಡ ಬಿಚ್ಚಿರಲಿಲ್ಲ. ಅವರು ಬೋರ್ಡು ನೋಡಿದರು, ಕನ್ನಡಕ ಒರೆಸಿದರು, ಮತ್ತೆ ನೋಡಿದರು. “ಹೆಸರು ಅಪೂರ್ಣವಾಗಿದೆ ಮೇಡಂ. ಬೆಂಕಿ ಆರಿಸ್ಬೇಕಾಗತ್ತೆ.”

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕು ಅಂತ ಗೊತ್ತಾಗದೆ ಅತ್ತೆಯ ಮೇಲೆ ಮಾಡಿದೆ. “ನೋಡಿದ್ಯಾ? ನೋಡಿದ್ಯಾ ಅತ್ತೆ? ಹುಟ್ಟಿದಾಗಿಂದ ಒಂದೇ ಒಂದು ಕೆಲಸ ನೀನು ನಿಯಮಿತವಾಗಿ ಮಾಡಿದ್ದಿದ್ರೆ ಹೇಳು! ಒಂದೇ ಒಂದು!” ಅಂತ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಅತ್ತೆ ಕೈಯಲ್ಲಿದ್ದ ಸೇರು ಹಾಗೇ ಹಿಡಿದು ನಿಂತಳು, ಕಣ್ಣು ತುಂಬಿತ್ತು, ಹೊಗೆಗೋ ಏನೋ. ಚೀಲ ಹಿಡಿದುಕೊಂಡು ಸರದಿಗೆ ನಿಂತಿದ್ದ ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. “ಏ ಹಂಗನ್ನಬ್ಯಾಡವ್ವ ಹಿರೇರಿಗೆ. ಕೊಸರು ಹಾಕದು ಒಂದಿನಾನೂ ತಪ್ಸಿಲ್ಲ ಹಾಲಮ್ಮಕ್ಕ. ಕಲ್ಲಿನಂಥ ಮಂಡಕ್ಕಿ ಕೊಟ್ಲಲ್ಲ, ಅವತ್ತೂ ಕೊಸರು ಹಾಕಿದ್ಲು.”

ಅದು ಕಿವಿಗೆ ಬಿದ್ದದ್ದೇ ನಾನು ಓಡಿದೆ. ಓಡುವಷ್ಟು ದೂರವೇನೂ ಇರಲಿಲ್ಲ, ಮೋದಿನ್‌ಸಾಬರು ಅಲ್ಲೇ ಕೂತಿದ್ದರು, ಅವರ ರಟ್ಟೆ ಹಿಡಿದು ಎಬ್ಬಿಸಿದೆ. “ಸಾಬ್ರೇ, ಏಣಿ! ಭಟ್ಟಿ ಆದಮೇಲೆ ಕೊಸರು ಅಂತ ಬರೀರಿ. ಕೊಸರು. ಆಮೇಲೆ ನಿಯಮಿತ.” ಅವರು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿ ಏಣಿ ಹತ್ತಿದರು. ಕೊ. ಸ. ರು. ಬೀದಿ ನಿಂತಿತು. ನಿ. ಎಲ್ಲರೂ ‘ನಿ’ಯ ಅಂಚು ನೋಡುತ್ತಿದ್ದೇವೆ. ಏಳಲಿಲ್ಲ. ಯ. ಮಿ. ತ. ಮೋದಿನ್‌ಸಾಬರು ಕುಂಚ ಎತ್ತಿ ಏಣಿಯ ಮೇಲೇ ಕಾದರು. ‘ಹಾಲಮ್ಮ ಮಂಡಕ್ಕಿ ಭಟ್ಟಿ ಕೊಸರು ನಿಯಮಿತ’. ಹಸಿ ಬಣ್ಣ ಬಿಸಿಲಿಗೆ ಮಿಣುಗುತ್ತಿತ್ತು. “ಯಾ ಅಲ್ಲಾ” ಅಂದರು ಮೆಲ್ಲಗೆ.

ಉಮಾಪತಿ ಕನ್ನಡಕ ಒರೆಸಿದರು. “ರಿಜಿಸ್ಟರಿನಲ್ಲಿರೋ ಹೆಸರು ಇದಲ್ಲ.” “ಬದಲಾಯಿಸ್ತೀವಿ ಸರ್! ಹೆಸರು ಬದಲಾವಣೆಗೆ ಅರ್ಜಿ ಕೊಟ್ರೆ ಅದು ತೀರ್ಮಾನ ಆಗೋತನಕ ಬೀಗ ಹಾಕೋ ಹಾಗಿಲ್ಲ, ನಿಯಮದಲ್ಲಿದೆ.” “ಅರ್ಜಿಗೆ ಮೊದಲು ಬೋರ್ಡ್ ಮೀಟಿಂಗಲ್ಲಿ ನಿರ್ಣಯ ಆಗ್ಬೇಕು” ಅಂದರು. ಮೀಟಿಂಗ್ ಅನ್ನುವುದು ಕಿವಿಗೆ ಬಿದ್ದದ್ದೇ ಅತ್ತೆ ಒಳಗೆ ಹೋಗಿ ಎರಡು ಕುರ್ಚಿ ತಂದು ಬೋರ್ಡಿನ ಎದುರಿಗೆ ಹಾಕಿ, ಒಂದರಲ್ಲಿ ಕೂತು, “ಹೂಂ, ಬಾ, ಕುಂದ್ರು. ಅದಕ್ಕೇನು ಕೇಳ್ಬೇಕೋ ಕೇಳು” ಅಂದಳು. ನಾನು ಕೂತು ಗಂಟಲು ಸರಿಮಾಡಿಕೊಂಡು ನಿರ್ಣಯ ಓದಿದೆ. ಅತ್ತೆ ಬೋರ್ಡು ನೋಡಿಕೊಂಡೇ “ಒಪ್ಪೀನಿ” ಅಂದಳು. ಸಹಿ ಹಾಲಮ್ಮ ಅಂತ ಪೂರ್ತಿ ಹಾಕಿದಳು. ಉಮಾಪತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕಡತದೊಳಗೆ ಇಟ್ಟರು. ಆದರೂ ಬೀಗ ಕೈಯಲ್ಲೇ ಇತ್ತು. “ಈಗ ಬರೆದದ್ದು ಈಗ ನಿಂತಿದೆ. ವ್ಯವಹಾರ ಆದ್ಮೇಲೂ ನಿಲ್ಲತ್ತಾ ಅಂತ ನಾನು ನೋಡ್ಬೇಕು. ಒಂದು ಸೇರು ಹಾಕಿ.” ಜೇಬಿನಿಂದ ಒಂದು ಬಟ್ಟೆ ಚೀಲ ತೆಗೆದರು. ಅದನ್ನು ಮನೆಯಿಂದಲೇ ತಂದಿದ್ದರು ಅನ್ನುವುದು ನನ್ನ ಗಮನಕ್ಕೆ ಬಂತು.

ಅತ್ತೆ ಎದ್ದಳು. ಸೇರು ತುಂಬಿದಳು, ತಲೆ ಸವರಿದಳು, ಅವರ ಚೀಲಕ್ಕೆ ಸುರಿದಳು. ಆಮೇಲೆ ಚೀಲದ ಬಾಯಿಯನ್ನು ತಾನೇ ಹಿಡಿದು ತಿರುಚಿ ಅವರ ಕೈಗೆ ತುರುಕಿದಳು. “ಆತು. ಹೊಂಡು.” “ಅತ್ತೆ, ಕೊಸರು” ಅಂದೆ. “ಯಾರಿಗೆ? ಬೀಗ ಹಿಡಕಂಡು ಬಂದೋನಿಗಾ? ನನ್ನ ಭಟ್ಟಿ ಬೆಂಕಿ ಆರ್ಸು ಅಂದೋನಿಗಾ? ಇವನಿಗೆ ಕೊಸರು ಬೇರೆ ಕೇಡು!” ಮೇಲೆ ಚರಕ್ ಅಂತ ಸದ್ದಾಯಿತು. ಕೊ ಬಲಗಡೆಯಿಂದ ಎದ್ದು, ಮಡಚಿಕೊಂಡು, ಒಂದು ಅಂಚಿನಲ್ಲಿ ನೇತಾಡುತ್ತಿತ್ತು. ಮುರಿಗೆಪ್ಪ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ಉಮಾಪತಿ ಕೂಡ ಮೇಲೆ ನೋಡುತ್ತಿದ್ದರು, ಕನ್ನಡಕ ಒರೆಸುವುದನ್ನು ಮರೆತು. ಒತ್ತಾಯ ಮಾಡಿದರೆ ಅವಳು ಇನ್ನೂ ಹಟ ಹಿಡಿಯುತ್ತಾಳೆ ಅಂತ ಬೀದಿಗೆಲ್ಲ ಗೊತ್ತು.

ಅತ್ತೆ ನೇತಾಡುವ ಅಕ್ಷರ ನೋಡಿದಳು. ತಿರುಗಿ ಭಟ್ಟಿಯ ಬಾಯಿ ನೋಡಿದಳು, ಒಳಗೆ ಹೊಟ್ಟು ಕೆಂಪಗೆ ಉರಿಯುತ್ತಿತ್ತು, ಮೇಲೆ ಏರಿಸಿದ್ದ ಹೂವು ಆಗಲೇ ಬಾಡಿತ್ತು. “ನಿನ್ನ ಕಂಪ್ನಿ ಹಾಳಾಗ ನೀಲಿ” ಅಂತ ಹಲ್ಲು ಕಚ್ಚಿ, ಬುಟ್ಟಿಗೆ ಕೈ ಹಾಕಿ, ಒಂದು ಹಿಡಿ ಬಾಚಿ, ಉಮಾಪತಿಯ ಚೀಲದ ಬಾಯಿ ಬಿಚ್ಚಿ ಒಳಗೆ ಎಸೆದಳು. ಅರ್ಧ ಅವರ ಅಂಗಿಯ ಮೇಲೆ ಬಿತ್ತು. ಕೊ ಒಂದು ಸಲ ಅಲುಗಿ, ನಿಧಾನಕ್ಕೆ ಹಿಂದಕ್ಕೆ ಮಲಗಿ ಬೋರ್ಡಿಗೆ ಅಂಟಿಕೊಂಡಿತು. ಉಮಾಪತಿ ಅಂಗಿಯ ಮೇಲಿನ ಮಂಡಕ್ಕಿಯನ್ನು ಒಂದೊಂದಾಗಿ ಆಯ್ದು ಬಾಯಿಗೆ ಹಾಕಿಕೊಂಡರು, ಕಡತದ ಮೇಲೆ ಏನೋ ಗೀಚಿದರು, ಬೀಗವನ್ನು ಚೀಲದೊಳಗೆ ಮಂಡಕ್ಕಿಯ ಮೇಲ್ಗಡೆ ಇಟ್ಟುಕೊಂಡು ಹೊರಟರು. ತಿರುವಿನ ಹತ್ತಿರ ನಿಂತು, “ಮೇಡಂ, ಅರ್ಜಿಗೆ ಬೋರ್ಡಿನ ಭಾವಚಿತ್ರ ಲಗತ್ತಿಸೋದು ಮರೀಬೇಡಿ” ಅಂದರು. ನಾನು ಅಳಬೇಕೋ ನಗಬೇಕೋ ತಿಳಿಯದೆ ಏಣಿ ಹಿಡಿದುಕೊಂಡು ನಿಂತೆ.

ಎಲ್ಲ ಸರಿಹೋಯಿತು ಅಂದುಕೊಂಡರೆ ಅತ್ತೆ ಸರಿಹೋಗಲಿಲ್ಲ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬಂದವರೆಲ್ಲ ಬೋರ್ಡು ಓದಿ, “ಏನಕ್ಕಾ, ಇನ್ಮೇಲೆ ಕೊಸರು ಕಾನೂನು ಪ್ರಕಾರ ಕೊಡಲೇಬೇಕಂತೆ” ಅಂತ ತಮಾಷೆ ಮಾಡುತ್ತಿದ್ದರು. ಅವಳು ನಗುತ್ತಿರಲಿಲ್ಲ. ಅಳೆದು, ಹಿಡಿ ಹಾಕಿ, ಮುಖ ತಿರುಗಿಸುತ್ತಿದ್ದಳು. ಕಡೆಗೆ ನಾನೇ ಹೋಗಿ ಪಕ್ಕದಲ್ಲಿ ಕೂತೆ. “ಭಟ್ಟಿ ಉಳೀತಲ್ಲ ಅತ್ತೆ, ಇನ್ನೇನು?” ಅಂದೆ. “ಉಳೀತು. ಇಷ್ಟು ದಿನ ನನ್ನ ಖುಷಿಗೆ ಹಾಕ್ತಿದ್ದೆ. ಈಗ ಬೋರ್ಡು ಹೆದರ್ಸಿ ಹಾಕ್ಸಂಗಾತು. ಅದು ಕೊಸರೇನೇ? ಅದೂ ಅಳತೇಗೇ ಸೇರಿ ಹೋತು” ಅಂದಳು. ಕಾಯ್ದೆಯಲ್ಲಿ ಇದಕ್ಕೆ ಯಾವ ಕಲಮೂ ಇಲ್ಲ.

ಅಷ್ಟರಲ್ಲಿ ಮುರಿಗೆಪ್ಪ ಬಂದು ಚೀಲ ತೆರೆದ. ಅತ್ತೆ ಎದ್ದು ಹೋಗಿ ಸೇರಿನಲ್ಲಿ ಅಳೆದು ಸುರಿದಳು. ಬುಟ್ಟಿಯಿಂದ ಒಂದು ಹಿಡಿ ತೆಗೆದು ಹಾಕಿ, ಬೋರ್ಡಿನ ಕಡೆ ಗಲ್ಲ ಎತ್ತಿ, “ಇದು ಕಂಪ್ನಿದು” ಅಂದಳು. ಮುರಿಗೆಪ್ಪ ಚೀಲದ ಬಾಯಿ ಕಟ್ಟಲು ಹೋದ. “ಏ ನಿಂದ್ರೋ” ಅಂತ ಅವನ ಕೈಗೆ ಒಂದೇಟು ಕೊಟ್ಟು, ಮತ್ತೆ ಬುಟ್ಟಿಗೆ ಬಗ್ಗಿ, ಈ ಸಲ ಎರಡೂ ಕೈ ತುಂಬ ಬಾಚಿ ಹಾಕಿದಳು.

“ಇದು ನಂದು.”